ರಟ್ಟಿನ ಡಬ್ಬಿಯೊಳಗೆ ಏಳು ದಿನ

ಆರೋಗ್ಯ ಕೇಂದ್ರದ ಮುಂದೆ ನಿಂತಿರುವ ತಿಂಡಿಯ ಯಂತ್ರಕ್ಕೆ ಅಷ್ಟು ದಪ್ಪ ಪರದೆ ಯಾಕೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಬಿಸಿಲಿಗೆ ಎನ್ನುತ್ತೇವೆ. ಅವರು ನಂಬಿಕೊಂಡು ಹೋಗುತ್ತಾರೆ. ಆ ಪರದೆಗೆ ಅರ್ಧ ಕಾರಣ ನಾನು, ಆದ್ದರಿಂದ ನಡೆದದ್ದನ್ನು ನಾನೇ ಹೇಳುವುದು ಸರಿ.

ನಮ್ಮೂರಿನಲ್ಲಿ ಯಾರ ಹಸಿವೂ ಅವರವರ ಹೊಟ್ಟೆಯಲ್ಲಿ ಇರುವುದಿಲ್ಲ, ಇನ್ನೊಬ್ಬರ ಹೊಟ್ಟೆಯಲ್ಲಿರುತ್ತದೆ. ಯಾರದು ಯಾರಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಕೇಳುವುದೂ ಇಲ್ಲ, ಬೇರೆಯವರಿಗೆ ಬಂದ ಕಾಗದ ಒಡೆದು ಓದಿದ ಹಾಗೆ ಅದು. ನಾವು ಗಂಟೆ ಕೇಳಿ ಉಣ್ಣುವ ಜನ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಏಳಕ್ಕೆ ಪಂಚಾಯ್ತಿ ಕಟ್ಟೆಯ ಮೇಲೆ ಗಂಟೆ ಹೊಡೆಯುತ್ತಾರೆ, ಊರೆಲ್ಲ ಒಂದೇ ಸಲಕ್ಕೆ ತಟ್ಟೆಯ ಮುಂದೆ ಕೂರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಹೊಟ್ಟೆ ಚುರುಗುಟ್ಟಿದರೆ ಯಾರೋ ಊಟ ತಪ್ಪಿಸಿದ್ದಾರೆಂದು ಅರ್ಥ. ಆಗ ಒಂದು ತಟ್ಟೆಯಲ್ಲಿ ಅನ್ನ ಬಡಿಸಿ, ಮುಚ್ಚಿ, ಜಗುಲಿಯ ಮೇಲಿಟ್ಟು ಬಾಗಿಲು ಹಾಕಿಕೊಳ್ಳಬೇಕು. ಊಟ ತಪ್ಪಿದವರು ಯಾವುದೋ ಒಂದು ಜಗುಲಿಯಿಂದ ಎತ್ತಿಕೊಳ್ಳುತ್ತಾರೆ. ಹೊಟ್ಟೆ ಹಿಡಿದುಕೊಂಡು ಬೀದಿಯಲ್ಲಿ ಓಡಾಡುವುದು ಮರ್ಯಾದೆಯಲ್ಲ. ಇನ್ನು, ಒಬ್ಬರು ಸತ್ತರೆ ಅವರ ಹಸಿವು ಹೊತ್ತವರ ಹೊಟ್ಟೆ ಮೌನವಾಗುತ್ತದೆ. ಉಂಡ ಮೇಲಿನ ತಂಪು ಬೇರೆ, ಇದು ಬೇರೆ. ಗೋಡೆ ಗಡಿಯಾರ ನಿಂತುಹೋದಾಗ ಕಿವಿಗೆ ತಿಳಿಯುತ್ತದಲ್ಲ, ಹಾಗೆ. ಅಂಥವರು ತಟ್ಟೆ ಬಡಿಯುತ್ತ ಬೀದಿಗೆ ಬರಬೇಕು. ಆಮೇಲೆ ಎಲ್ಲರೂ ಸೇರಿ ಮನೆಮನೆಯ ಬಾಗಿಲು ತಟ್ಟಿ, ಹೋದವರು ಯಾರೆಂದು ಹುಡುಕುತ್ತಾರೆ.

ನನ್ನ ಹೆಸರು ದಾಕ್ಷಾಯಣಿ. ಆರೋಗ್ಯ ಕೇಂದ್ರದಲ್ಲಿ ಯಾರು ಏನು ತಿನ್ನಬೇಕೆಂದು ಹೇಳುವುದು ನನ್ನ ಕೆಲಸ. ಹಸಿವಿನ ಅಳತೆ ತಿಳಿಯದ ಜನ ಹೇಗೆ ಉಣ್ಣುತ್ತಾರೆಂದು ನನ್ನನ್ನು ಕೇಳಬೇಕು. ಗಂಟೆ ಹೊಡೆದಾಗ ಗುಡ್ಡೆ ಅನ್ನ ಹಾಕಿಕೊಂಡು ಮುಗಿಸುತ್ತಾರೆ. ಅರ್ಧ ಊರಿಗೆ ಸಕ್ಕರೆ ಕಾಯಿಲೆ, ಇನ್ನರ್ಧಕ್ಕೆ ರಕ್ತ ಕಡಿಮೆ. ಪಂಚಾಯ್ತಿ ಅಧ್ಯಕ್ಷೆ ಪುಟ್ಟತಾಯಮ್ಮ ಎಲ್ಲೋ ಒಂದು ಯಂತ್ರ ನೋಡಿ ಬಂದಿದ್ದರು. ಗುಂಡಿ ಒತ್ತಿದರೆ ಬಿಸ್ಕತ್ತು ಬೀಳುತ್ತಿತ್ತಂತೆ. "ನಮಗೆ ಬಿಸ್ಕತ್ತು ಬ್ಯಾಡ. ಮೈ ಹೆಂಗಿದೆ ಅಂತ ಕೇಳಿ, ಮೈಗೆ ಒಗ್ಗೋದು ಕೊಡೋ ಅಂಥದ್ದು ಮಾಡಿ" ಎಂದರು. ಮಾಡುವ ಕೆಲಸ ಓಂಕಾರಪ್ಪನವರಿಗೆ ಬಂತು. ಮಿಕ್ಸಿ, ಪಂಪಿನ ಮೋಟಾರು, ಗಡಿಯಾರ, ಊರಿನಲ್ಲಿ ತಿರುಗುವಂಥದ್ದೆಲ್ಲ ಕೆಟ್ಟರೆ ಅವರ ಅಂಗಡಿಗೇ ಹೋಗುತ್ತಿತ್ತು. ಐವತ್ತಾರರ ಮನುಷ್ಯ, ಮಾತು ಕಡಿಮೆ. ಹೆಂಡತಿ ಅನಸೂಯಮ್ಮ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಆಕೆ ಬೆಳಿಗ್ಗೆ ಹತ್ತಕ್ಕೆ ಒಲೆಯ ಮುಂದೆ ಕುಸಿದಿದ್ದರು. ಸಂಜೆ ಓಂಕಾರಪ್ಪ ಮನೆಗೆ ಹೋಗುವವರೆಗೆ ಯಾರಿಗೂ ತಿಳಿಯಲಿಲ್ಲ. ಯಾರೂ ತಟ್ಟೆ ಬಡಿದಿರಲಿಲ್ಲ. ಆಕೆಯ ಹಸಿವು ಹೊತ್ತವರು ಯಾರೋ ಸುಮ್ಮನೆ ಮನೆಯಲ್ಲಿ ಕೂತಿದ್ದರೆಂದು ಊರು ಬಹಳ ದಿನ ಶಪಿಸಿತು.

"ಮೊದ್ಲೇ ಮೋಟಾರು, ತಗಡು ಅಂತ ಹೋಗೋದು ಬ್ಯಾಡ ಅಕ್ಕೋರೆ" ಎಂದರು ಓಂಕಾರಪ್ಪ. "ಮೊದ್ಲು ರಟ್ಟಿಂದು ಮಾಡಾಣ. ಒಳಗೆ ನೀವು ಕೂತ್ಕೊಳ್ರಿ. ಜನ ಅದರ ಹತ್ರ ಹೆಂಗೆ ನಡ್ಕೋತಾರೆ ನೋಡಾಣ. ತಪ್ಪೆಲ್ಲ ರಟ್ಟಿನಾಗೇ ಆಗ್ಲಿ." ಫ್ರಿಜ್ಜು ಬಂದಿದ್ದ ದೊಡ್ಡ ಡಬ್ಬಿಗೆ ಹಲಗೆ ಹೊಡೆದು ಗಟ್ಟಿ ಮಾಡಿ, ಆರೋಗ್ಯ ಕೇಂದ್ರದ ಮುಂದೆ ನಿಲ್ಲಿಸಿದರು. ಮುಂದೆ ಒಂದು ಸಣ್ಣ ಕಿಂಡಿ. ಒಳಗಿನಿಂದ ನಾನು ಪ್ರಶ್ನೆಯ ಚೀಟಿ ಹಿಡಿಯಬೇಕು. ಅದರ ಕೆಳಗೆ ಸೋಡಾ ಬಾಟಲಿಯ ಮುಚ್ಚಳದ ಮೂರು ಗುಂಡಿ. ಗುಂಡಿ ಒತ್ತಿದರೆ ಒಳಗೆ ಅದರದೇ ದಾರ ಎಳೆದು ಅದರದೇ ಗೆಜ್ಜೆ ಅಲುಗುತ್ತಿತ್ತು. ಅದರ ಕೆಳಗೆ, ತಟ್ಟೆ ಜಾರಿಸುವ ಬಾಯಿ. ಮಾತಿಗೆ ಒಂದು ತಗಡಿನ ಲಾಳಿಕೆ. ಹೆಸರುಕಾಳಿನ ಕೋಸಂಬರಿ, ರಾಗಿ ಅಂಬಲಿ, ಹುರಿಗಡಲೆ, ಸೀಬೆಹೋಳು, ಎಳ್ಳುಂಡೆ, ನುಗ್ಗೆಸೊಪ್ಪಿನ ರೊಟ್ಟಿ ಇಟ್ಟುಕೊಂಡು ನಾನು ಒಳಗೆ ಸ್ಟೂಲಿನ ಮೇಲೆ ಕೂತೆ. ಓಂಕಾರಪ್ಪ ಹೊರಗೆ, ಊರವರೆಲ್ಲರ ಹೆಸರಿನ ಪಟ್ಟಿಯನ್ನೂ ಒಂದು ನೋಟ್‌ಬುಕ್ಕನ್ನೂ ಹಿಡಿದು ನಿಂತರು. ಕೊಟ್ಟದ್ದನ್ನು ಅಲ್ಲೇ ನಿಂತು ತಿನ್ನಬೇಕು, ಅದು ಪರೀಕ್ಷೆಯ ನಿಯಮ. ದಿನಕ್ಕೆ ನಲವತ್ತೈದು ಜನ, ಏಳು ದಿನಕ್ಕೆ ಇಡೀ ಊರು.

ಮೊದಲ ಚೀಟಿಯೇ ಕೆಟ್ಟಿತು. "ಹಸಿವಾಗಿದೆಯೇ?" ಎಂದು ಬರೆದಿದ್ದೆ. ಮೊದಲು ಬಂದವಳು ಒಬ್ಬ ಮುದುಕಿ. ಲಾಳಿಕೆಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದಳು: "ಯಾರ್ದು ಕೇಳ್ತೀಯವ್ವಾ? ನಂದೋ, ನನ್ನ ಹೊಟ್ಟೇಲಿರೋದೋ?" ಆ ಚೀಟಿ ಹರಿದು "ಕೊನೆಗೆ ಯಾವಾಗ ಉಂಡಿರಿ?" ಎಂದು ಬರೆದೆ. ಇವತ್ತು, ನಿನ್ನೆ, ಅದಕ್ಕೂ ಮೊದಲು: ಮೂರು ಗುಂಡಿ. ಮಧ್ಯಾಹ್ನದ ಹೊತ್ತಿಗೆ, ಮಕ್ಕಳಿಗೂ ಎಟುಕಲೆಂದು ಗುಂಡಿಗಳನ್ನು ಒಂದು ಗೇಣು ಕೆಳಗಿಳಿಸಿದೆವು. ಜನ ಡಬ್ಬಿಗೆ ಕೈ ಮುಗಿಯುತ್ತಿದ್ದರು. ತಟ್ಟೆ ಜಾರಿ ಬಂದರೂ, ನಾನು ಒಳಗಿನಿಂದ "ತಗೊಳ್ಳಿ" ಅನ್ನದೆ ಮುಟ್ಟುತ್ತಿರಲಿಲ್ಲ. ಒಳಗೆ ಇರುವವಳು ನಾನೇ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎರಡನೆಯ ದಿನದಿಂದ ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ನನಗೂ ಅವರ ಮುಖ ಕಾಣುತ್ತಿರಲಿಲ್ಲ. ತಟ್ಟೆಗೆ ಚಾಚಿದ ಕೈಗಳಷ್ಟೇ. ಸುಣ್ಣ ಹತ್ತಿದ ಬೆರಳು, ಬಳೆ ಸಡಿಲಾದ ಮಣಿಕಟ್ಟು. ಆಮೇಲೆ ರಟ್ಟಿನಾಚೆ ಅಗಿಯುವ ಸದ್ದು.

ಎರಡನೆಯ ದಿನದ ಮಧ್ಯಾಹ್ನ ನನ್ನ ಹೊಟ್ಟೆ ಚುರುಗುಟ್ಟಿತು. ಯಾರಿಗೋ ಉಪವಾಸವಿರಬೇಕು ಎಂದುಕೊಂಡೆ. ಸಂಜೆ ಜಗುಲಿಯ ಮೇಲೆ ತಟ್ಟೆ ಇಟ್ಟೆ. ಬೆಳಿಗ್ಗೆ ನೋಡಿದರೆ ಮುಚ್ಚಿದ ಹಾಗೇ ಇತ್ತು. ಮೂರನೆಯ ದಿನ ಚುರುಗುಟ್ಟುವುದು ಹೋಗಿ ಉರಿ ಶುರುವಾಯಿತು. ನಾಲ್ಕನೆಯ ದಿನ ಡಬ್ಬಿಯ ಕತ್ತಲೆಯಲ್ಲಿ ಮಂಡಿಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತೆ. ಊರಿನಲ್ಲಿ ಯಾರೋ ಒಬ್ಬರು ಅನ್ನ ಮುಟ್ಟದೆ ಸಾಯುತ್ತಿದ್ದರು, ಅದು ನನ್ನೊಬ್ಬಳಿಗೇ ಗೊತ್ತಿತ್ತು. ತಿಂಡಿ ಹೇಗಿತ್ತೆಂದು ಕೇಳುವ ನೆವದಲ್ಲಿ ಸಂಜೆ ಮನೆಮನೆ ತಿರುಗಿದೆ. ಎಲ್ಲ ಮನೆಯಲ್ಲೂ ಅದೇ ಮಾತು. "ಊಟ ಆಯ್ತಾ?" "ಆಯ್ತಕ್ಕ." "ಊಟ ಆಯ್ತಾ?" "ಈಗ್ಲೇ ಆಯ್ತು, ಕೈ ನೋಡಿ, ಇನ್ನೂ ಒದ್ದೆ." ಯಾರೋ ಸುಳ್ಳು ಹೇಳುತ್ತಿದ್ದರು. ಒಂದೊಂದು ಮನೆಯ ನಗುಮುಖವನ್ನೂ ಇದೇನಾ, ಇದೇನಾ ಎಂದು ನೋಡುತ್ತ ಬಂದೆ.

ಐದನೆಯ ದಿನ ನನಗೊಂದು ವಿಷಯ ಹೊಳೆಯಿತು. ಹೊಳೆದ ಕೂಡಲೇ ನಾಚಿಕೆಯೂ ಆಯಿತು. ಗಂಟೆ ಹೊಡೆದಾಗ ಊರೆಲ್ಲ ಒಟ್ಟಿಗೆ ಉಣ್ಣುವುದರಿಂದ ಎಲ್ಲರ ಹೊಟ್ಟೆಯೂ ಒಟ್ಟಿಗೇ ತಣಿಯುತ್ತಿತ್ತು, ಯಾರಿಂದ ಯಾರು ತಣಿದರೆಂದು ತಿಳಿಯುತ್ತಿರಲಿಲ್ಲ. ನಮ್ಮ ಡಬ್ಬಿಯ ಮುಂದೆ ಜನ ಒಬ್ಬೊಬ್ಬರಾಗಿ ತಿನ್ನುತ್ತಿದ್ದರು. ಯಾರು ತಿಂದಾಗ ನನ್ನ ಉರಿ ಆರುತ್ತದೋ ಅವರೇ ಅವರು. ಯಾರಿಗೂ ಹೇಳದೆ ಅದನ್ನೇ ಕಾಯತೊಡಗಿದೆ. ಕೈ ಬರುತ್ತಿತ್ತು, ತಟ್ಟೆ ಹೋಗುತ್ತಿತ್ತು, ಕಣ್ಣು ಮುಚ್ಚಿ ಹೊಟ್ಟೆಯ ಕಡೆ ಕಿವಿಗೊಡುತ್ತಿದ್ದೆ. ಉರಿ ಹಾಗೇ ಇತ್ತು. ಮತ್ತೊಂದು ಕೈ. ಉರಿ ಹಾಗೇ ಇತ್ತು. ಮೊದಲ ದಿನಗಳಲ್ಲಿ ಬಂದುಹೋದವರನ್ನೂ ನೆವ ಹೇಳಿ ಮತ್ತೆ ಕರೆಸಿದೆ. ಓಂಕಾರಪ್ಪ ತಕರಾರು ಮಾಡಲಿಲ್ಲ. "ಕರೀರಿ. ಎಲ್ರೂ ಬರ್ಲಿ, ಒಬ್ರೂ ಬಿಡೋದು ಬ್ಯಾಡ" ಎಂದರು. ಅವರ ದನಿ ಬಹಳ ದೂರದಿಂದ ಬಂದಂತೆ ಕೇಳಿಸಿತು.

ಏಳನೆಯ ದಿನ ಸಂಜೆ ನಾಲ್ಕಕ್ಕೆ ಕೊನೆಯವನು ಎಳ್ಳುಂಡೆ ತಿಂದು ಹೋದ. ಉರಿ ಆರಲಿಲ್ಲ. ಕಿಂಡಿಯಿಂದ ಕೈ ಚಾಚಿ "ಪಟ್ಟಿ ಕೊಡಿ" ಎಂದೆ. ಪುಟಪುಟಕ್ಕೂ ಗುರುತು ಬಿದ್ದಿತ್ತು. ಎರಡು ಹೆಸರಿನ ಮುಂದೆ ಮಾತ್ರ ಖಾಲಿ. ಒಂದು ನನ್ನದು. ಜತೆಗೆ ನೋಟ್‌ಬುಕ್ಕೂ ಬಂದಿತ್ತು. ಅದರಲ್ಲಿ ಗುಂಡಿಯ ವಿಚಾರ, ಚೀಟಿಯ ವಿಚಾರ ಮೊದಲ ದಿನದ್ದಷ್ಟೇ ಇತ್ತು. ಆಮೇಲಿನದೆಲ್ಲ ಬೇರೆ: "ಮುಖ ಸರಿಯಾಗಿದೆ." "ನಗುತ್ತಿದ್ದಾಳೆ, ಇವಳಲ್ಲ." "ಹೊಟ್ಟೆ ಮುಟ್ಟಿಕೊಂಡ. ಮತ್ತೆ ನೋಡಬೇಕು." "ಇವನೂ ಅಲ್ಲ." ಮುನ್ನೂರು ಮುಖ ಹೀಗೆ.

ಡಬ್ಬಿಯಿಂದ ಹೊರಗೆ ಬರಬೇಕೆನಿಸಲಿಲ್ಲ. ಬಂದರೆ ಅವರು ಹೊರಟುಹೋಗುತ್ತಾರೆಂದು ಅನಿಸಿತು. ಲಾಳಿಕೆಯಲ್ಲಿ "ಓಂಕಾರಪ್ಪನೋರೆ, ನಿಮ್ಮದೊಂದು ಬಾಕಿ ಇದೆ, ನಿಂತ್ಕೊಳ್ಳಿ" ಎಂದೆ. "ನಂದೇನ್ ಬಿಡ್ರಿ" ಎಂದರು. "ನಿಂತ್ಕೊಳ್ಳಿ" ಎಂದು ಚೀಟಿ ಹಿಡಿದೆ. ಕೊನೆಗೆ ಯಾವಾಗ ಉಂಡಿರಿ? ಮೂರನೆಯ ದಾರ ನಿಧಾನವಾಗಿ ಎಳೆದುಕೊಂಡು ಗೆಜ್ಜೆ ಅಲುಗಿತು. ಏಳು ದಿನದಲ್ಲಿ ಆ ಗೆಜ್ಜೆ ಅಲುಗಿದ್ದು ಅದೊಂದೇ ಸಲ.

"ಎಷ್ಟು ದಿನ?" ಎಂದೆ. "ಡಬ್ಬಿ ತಂದಿಟ್ಟ ಮಾರ್ನೇ ದಿನದಿಂದ. ಬೆಲ್ಲದ ನೀರು ಕುಡೀತಿದ್ದೆ." "ಯಾಕ್ರೀ?" ಅಂಬಲಿಯನ್ನು ಇನ್ನಷ್ಟು ನೀರು ಹಾಕಿ ತೆಳ್ಳಗೆ ಮಾಡಿ, ಅರ್ಧ ಲೋಟವನ್ನಷ್ಟೇ ಜಾರಿಸಿದೆ. "ಒಂದೊಂದೇ ಗುಟುಕು. ಒಟ್ಟಿಗೆ ಕುಡೀಬೇಡಿ." ಬಂದ ಕೈಯ ಉಗುರಿನ ಸಂದಿಯಲ್ಲಿ ಗ್ರೀಸು. ಲೋಟ ಆಚೆ ಹೋಯಿತು. ಗಂಟಲು ಇಳಿದ ಸದ್ದು ಕೇಳಿತು, ಮತ್ತು ನನ್ನ ಹೊಟ್ಟೆಯ ಉರಿಗೆ ಒಂದು ಹನಿ ನೀರು ಬಿದ್ದಂತಾಯಿತು. ಇನ್ನೊಂದು ಗುಟುಕು. ಇನ್ನೊಂದು ಹನಿ. ನನಗರಿವಿಲ್ಲದೆ ನಾನು "ಅಮ್ಮಾ" ಎಂದಿದ್ದೆ.

ಆಚೆ ಲೋಟ ನಿಂತಿತು. "ನೀವಾ?" ಎಂದರು ಓಂಕಾರಪ್ಪ. ರಟ್ಟಿಗೆ ಹಣೆ ಒತ್ತಿದ್ದರೆಂದು ಕಾಣುತ್ತದೆ, ರಟ್ಟು ಸ್ವಲ್ಪ ಒಳಕ್ಕೆ ಬಾಗಿತ್ತು. "ಊರಿನ ಮುಖ ಎಲ್ಲ ನೋಡಿದೆ. ಒಳಗಿರೋ ಮುಖ ನೋಡ್ಲಿಲ್ಲ." "ಯಾರಂತ ತಿಳಿದು ಏನಾಗಬೇಕಿತ್ತು ನಿಮಗೆ?" ಎಂದೆ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಅವರು ಬಹಳ ಮೆಲ್ಲಗೆ ಹೇಳಿದರು: "ಅನಸೂಯನ ಹಸಿವು ಹೊತ್ತೋರು ತಟ್ಟೆ ಬಡೀಲಿಲ್ಲ ಅಂತ ಊರು ಬೈತಲ್ಲ ಅಕ್ಕೋರೆ. ಅದು ನಾನೇ. ನನ್ನ ಹೊಟ್ಟೇಲೇ ಇತ್ತು ಅವ್ಳ ಹಸಿವು. ಹತ್ತು ಗಂಟೆಗೆ ಮೌನ ಆಯ್ತು. ಕೈಯಾಗೆ ಯಾರ್ದೋ ಮಿಕ್ಸಿ ಬಿಚ್ಚಿತ್ತು. ಯಾರೋ ಹೋದ್ರು ಪಾಪ, ಇದೊಂದು ಸ್ಕ್ರೂ ಹಾಕಿ ಎದ್ದೇಳಾಣ ಅಂದೆ. ಆಮೇಲೆ ಇನ್ನೊಂದು ಸ್ಕ್ರೂ. ಆಮೇಲೆ ಮರ್ತೇ ಹೋಯ್ತು. ಸಂಜೆ ಮನೆಗೆ ಹೋದಾಗ ಅವ್ಳ ಕೈ ತಣ್ಣಗಿತ್ತು. ಅವತ್ತಿಂದ ನನ್ನ ಹೊಟ್ಟೇಲಿ ಯಾರೂ ಇಲ್ಲ. ನಂದು ಹೊತ್ತೋರು ಯಾರು, ಅವ್ರಾದ್ರೂ ಎದ್ದು ಬರ್ತಾರಾ ನೋಡ್ಬೇಕು ಅನ್ನಿಸ್ತು."

ನಾನು ಹೊರಗೆ ಬಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತೆವು. ಉಳಿದ ಅಂಬಲಿಯನ್ನು ಚಮಚದಲ್ಲಿ ನಾನೇ ಕುಡಿಸಿದೆ, ಒಂದು ಕೈ ನನ್ನ ಹೊಟ್ಟೆಯ ಮೇಲಿತ್ತು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಇಬ್ಬರು ಹೆಂಗಸರು ಅದನ್ನು ನೋಡಿದರು. ಅಷ್ಟು ಸಾಕಾಯಿತು.

ಮಾರನೆಯ ದಿನ ಬೆಳಿಗ್ಗೆಯ ಗಂಟೆಗೆ ಕೆಲವು ಮನೆಗಳಿಂದ ತಟ್ಟೆಯ ಸದ್ದು ಬರಲಿಲ್ಲ. ಅದರ ಮರುದಿನ ಅರ್ಧ ಊರಿನಿಂದ ಬರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ "ಆಯ್ತು, ಊಟ ಆಯ್ತು" ಎನ್ನುತ್ತಲೇ ಇದ್ದರು. ಆದರೆ ಪ್ರತಿಯೊಬ್ಬರೂ ತನ್ನ ಹಸಿವು ಹೊತ್ತವರು ಯಾರೆಂದು ನೋಡಲು ಹೊರಟಿದ್ದರು. ಹೊಟ್ಟೆ ಉರಿದವರು ವಾಡಿಕೆಯಂತೆ ಜಗುಲಿಯ ಮೇಲೆ ತಟ್ಟೆ ಇಡುತ್ತಿದ್ದರು, ಎತ್ತಿಕೊಳ್ಳುವವರಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬೀದಿಯ ಎರಡೂ ಬದಿ, ಮನೆಮನೆಯ ಜಗುಲಿಯ ಮೇಲೆ ಮುಚ್ಚಿದ ತಟ್ಟೆಗಳು ಸಾಲಾಗಿ ಕೂತಿದ್ದವು. ಕಾಗೆಗಳು ಮುಚ್ಚಳಗಳನ್ನು ಉರುಳಿಸುತ್ತಿದ್ದವು. ಜನ ಬಾಗಿಲ ಸಂದಿಯಿಂದ ದಾರಿಹೋಕರ ಮುಖ ನೋಡುತ್ತಿದ್ದರು. ನಾವು ಬಿಟ್ಟುಬಂದಿದ್ದ ಖಾಲಿ ಡಬ್ಬಿಯ ಮುಂದೆ ಯಾರಾದರೊಬ್ಬರು ನಿಂತೇ ಇರುತ್ತಿದ್ದರು. ಮೂರನೆಯ ಗುಂಡಿ ಒತ್ತಿ, ಲಾಳಿಕೆಗೆ ಬಾಯಿಟ್ಟು, "ನಂದು ಯಾರ ಹತ್ರ ಇದೆ, ಹೇಳು ತಾಯಿ" ಎಂದು ಕೇಳುತ್ತಿದ್ದರು. ಒಳಗೆ ಯಾರೂ ಇಲ್ಲದ ಡಬ್ಬಿಯಲ್ಲಿ ಗೆಜ್ಜೆಯ ಸದ್ದು ನನ್ನ ಕೋಣೆಯವರೆಗೂ ಬರುತ್ತಿತ್ತು.

ಮೂರನೆಯ ದಿನ ಆರು ತಿಂಗಳ ಬಸುರಿಯೊಬ್ಬಳು ನಲ್ಲಿಯ ಕಟ್ಟೆಯ ಮೇಲೆ ಬಿದ್ದಳು. ಇಬ್ಬರು ಮುದುಕರು ಏಳಲಾಗದೆ ಮಲಗಿದರು. ಪುಟ್ಟತಾಯಮ್ಮ ನನ್ನ ಮೇಜಿನ ಮುಂದೆ ಬಂದು ನಿಂತರು. ಅವರ ತುಟಿಯೂ ಒಣಗಿತ್ತು. "ಯಂತ್ರ ಮಾಡಿ ಅಂದೆ ದಾಕ್ಷಾಯಣಿ, ಊರು ಒಡೀರಿ ಅನ್ಲಿಲ್ಲ. ನಾಳೆ ಯಾರ್ದಾದ್ರೂ ಹೊಟ್ಟೆ ಮೌನ ಆದ್ರೆ ನಿಮ್ಮ ಬಾಗಿಲಿಗೇ ತಟ್ಟೆ ತಂದು ಬಡೀತೀನಿ." ಪಕ್ಕದಲ್ಲಿ ಕೂತಿದ್ದ ಓಂಕಾರಪ್ಪ ಎದ್ದರು. ಹೋಗಿ ಡಬ್ಬಿಯ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ, ರಟ್ಟನ್ನು ಮಡಿಸಿ, ನಿಂತು ನೋಡುತ್ತಿದ್ದವರ ಎದುರಿಗೇ ಬೆಂಕಿಗೆ ಹಾಕಿದರು. ತಗಡಿನ ಯಂತ್ರ ಬಂದದ್ದು ಬಹಳ ದಿನದ ಮೇಲೆ, ಯಾರು ಯಾವಾಗ ತಿಂದರೆಂದು ಯಾರಿಗೂ ಕಾಣದಂತೆ ಪರದೆಯ ಜತೆಗೇ. ಆಮೇಲೆ ನನಗೆ ಹೇಳಿದರು: "ಒಬ್ಬೊಬ್ರಾಗಿ ಉಂಡಿದ್ದಕ್ಕೆ ತಾನೆ ಇಷ್ಟೆಲ್ಲ. ಎಲ್ರೂ ಒಂದ್ಕಡೆ ಕೂತು, ಒಂದೇ ಸಲಕ್ಕೆ ಉಣ್ಲಿ."

ಶಾಲೆಯ ಬಯಲಿನಲ್ಲಿ ಎರಡು ಉದ್ದ ಸಾಲು, ಎದುರುಬದುರು. ಎದ್ದೇಳಲಾಗದವರನ್ನು ಮಂಚದಲ್ಲೇ ಹೊತ್ತು ತಂದರು. ಮುತ್ತುಗದ ಎಲೆಗೆ ಮೆತ್ತಗಿನ ಅನ್ನ, ಹೆಸರುಬೇಳೆಯ ಕಟ್ಟು ಬಡಿಸಿದೆವು. ಒಂದು ಗಂಟೆಗೆ ಗಂಟೆ ಹೊಡೆಯಿತು. ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಮುನ್ನೂರು ಜನ ಎಲೆಯ ಮುಂದೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೊದಲು ತಿಂದವರ ಹಸಿವು ಯಾರಲ್ಲಿದೆ ಎಂಬುದು ಊರೆದುರು ಬಯಲಾಗುತ್ತದೆ; ಆದ್ದರಿಂದ ಬೇರೆ ಯಾರಾದರೂ ಮೊದಲು ತಿನ್ನಲಿ ಎಂದು ಎಲ್ಲರೂ ಕಾಯುತ್ತಿದ್ದರು. ಮಕ್ಕಳ ಕೈಯನ್ನೂ ತಾಯಂದಿರು ಹಿಡಿದುಕೊಂಡಿದ್ದರು. ಅನ್ನದ ಹಬೆ ನಿಂತುಹೋಯಿತು. ಗಾಳಿಗೆ ಎಲೆಯ ಅಂಚುಗಳು ಅಲುಗುವ ಸದ್ದು ಬಿಟ್ಟರೆ ಆ ಬಯಲಿನಲ್ಲಿ ಮುನ್ನೂರು ಜನ ಇದ್ದಾರೆಂದು ಹೇಳುವಂತಿರಲಿಲ್ಲ.

ಬಡಿಸುವ ಸೌಟು ಹಿಡಿದು ನಿಂತಿದ್ದ ನನ್ನ ಕಡೆಗೆ ಪುಟ್ಟತಾಯಮ್ಮ ನೋಡಿದರು. ಏನಾದರೂ ಹೇಳು ಎನ್ನುವಂತೆ. ಹೇಳಲು ನನಗೆ ಬಾಯಿರಲಿಲ್ಲ. ಈವರೆಗೆ ಹೇಳದ್ದನ್ನು ಈಗ ಹೇಳುತ್ತೇನೆ: ನಾನೂ ಎರಡು ದಿನದಿಂದ ಉಂಡಿರಲಿಲ್ಲ. ಓಂಕಾರಪ್ಪನವರಿಗೆ ಚಮಚ ಹಿಡಿದ ರಾತ್ರಿಯಿಂದಲೇ ನನ್ನದು ಯಾರ ಹತ್ತಿರ ಇದೆಯೋ ಎಂಬ ಯೋಚನೆ ನನ್ನನ್ನು ಹಿಡಿದಿತ್ತು. ಜನರಿಗೆ ಉಣ್ಣಿರಿ ಎನ್ನುತ್ತ, ಬಡಿಸುತ್ತ, ನಾನು ಸಾಲಿನ ಮುಖಗಳನ್ನೇ ನೋಡುತ್ತಿದ್ದೆ.

ಸೌಟು ಕೆಳಗಿಟ್ಟೆ. ಸಾಲಿನ ತುದಿಯಲ್ಲಿ ಖಾಲಿ ಇದ್ದ ಒಂದು ಎಲೆಯ ಮುಂದೆ ಹೋಗಿ ಕೂತು, ನನಗೇ ಬಡಿಸಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ಕಲಸಿ ಬಾಯಿಗಿಟ್ಟೆ. ಸಾಲಿನಲ್ಲಿ ಎಲ್ಲೋ ಓಂಕಾರಪ್ಪ ಉಣ್ಣಲು ಶುರುಮಾಡಿದರೆಂದು ನನ್ನ ಹೊಟ್ಟೆ ಹೇಳಿತು. ಒಂದು ಎಲೆ ಸರಿದ ಸದ್ದು. ಇನ್ನೊಂದು. ಎರಡು ಸಾಲಿನುದ್ದಕ್ಕೂ ಕೈಗಳು ಅನ್ನಕ್ಕೆ ಇಳಿದವು.

ನಾನು ಮೊದಲ ತುತ್ತು ನುಂಗಿದಾಗ, ಬೇರೆ ಯಾವ ಕೈಯೂ ಎಲೆ ಮುಟ್ಟುವುದಕ್ಕೆ ಮೊದಲೇ, ಎದುರು ಸಾಲಿನಲ್ಲಿ ನನಗೆ ತೀರ ಹತ್ತಿರದಲ್ಲೇ ಯಾರೋ ಉದ್ದಕ್ಕೆ ಉಸಿರು ಬಿಟ್ಟಿದ್ದರು. ಎರಡು ದಿನದ ನೋವು ಬಿಟ್ಟವರು ಬಿಡುವ ಉಸಿರು ಅದು. ಕಣ್ಣು ಒಂದಿಷ್ಟು ಮೇಲಕ್ಕೆತ್ತಿದ್ದರೆ ಸಾಕಿತ್ತು. ಎಲೆಯಾಚೆ ಮಡಿಸಿದ ಕಾಲಿನ ಬೆರಳುಗಳು ಆಗಲೇ ಕಾಣುತ್ತಿದ್ದವು.

ನಾನು ತಲೆ ಎತ್ತಲಿಲ್ಲ. ಅವರ ಹೊಟ್ಟೆ ಪೂರ್ತಿ ತಣಿಯಲಿ ಎಂದು ಎಲೆಯಲ್ಲಿದ್ದದ್ದನ್ನು ಒಂದು ಅಗುಳೂ ಬಿಡದೆ ಉಂಡೆ.